ಕೊನೆ ಚೆನ್ನಾಗಿತ್ತಾ? ಸ್ಪೈಡರ್-ಮ್ಯಾನ್‌ನ ಎರಡು ಕಥೆಗಳು

ಯಾವುದೇ ಸೂಪರ್‌ಹೀರೋ ಕಥೆ ಮುಗಿದ ಮೇಲೆ ಹಾಸ್ಟೆಲ್ ರೂಮಿನಲ್ಲಿ ಎರಡು ಪಾರ್ಟಿ ಆಗುತ್ತೆ. ಒಬ್ಬರು "ಸೂಪರ್ ಗುರು" ಅಂತಾರೆ, ಇನ್ನೊಬ್ಬರು "ಇದೂ ಒಂದು ಕೊನೆನಾ?" ಅಂತಾರೆ. ಯಾಕೆ ಅಂತ ಕೇಳಿದರೆ ಇಬ್ಬರೂ ತಡವರಿಸುತ್ತಾರೆ. "ನಮಗೆ ಇಷ್ಟವಾದ ಪಾತ್ರ ಸತ್ತುಹೋಯ್ತು, ಅದಕ್ಕೆ" ಅನ್ನೋದು ಕಾರಣ ಅಲ್ಲ. ಅತ್ತುಕೊಂಡೇ ಮೆಚ್ಚಿದ ಕಥೆಗಳು ನಮ್ಮೆಲ್ಲರ ಹತ್ತಿರವೂ ಇವೆ. ಹಾಗಾದರೆ ಕೊನೆಯನ್ನು ಅಳೆಯೋದು ಹೇಗೆ?

ಸ್ಪೈಡರ್-ಮ್ಯಾನ್ ಕಾಮಿಕ್ಸ್‌ನ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡರಲ್ಲೂ ಇರೋದು ಒಂದೇ ಪ್ರಶ್ನೆ: ಪೀಟರ್ ಪಾರ್ಕರ್ ತನ್ನವರನ್ನು ಉಳಿಸಿಕೊಳ್ಳಬಲ್ಲನಾ, ಅದಕ್ಕೆ ಏನು ಬೆಲೆ ಕೊಡಬೇಕು? (ಕಥೆ ಗೊತ್ತಿಲ್ಲದವರಿಗೆ ಎಚ್ಚರಿಕೆ: ಇಲ್ಲಿ ಎಲ್ಲಾ ಬಯಲಾಗುತ್ತೆ.)

ಮೊದಲನೆಯದು 1973ರದು. 'ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್'ನ 121 ಮತ್ತು 122ನೇ ಸಂಚಿಕೆಗಳು. ಬರೆದವರು ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್ ಅವರದು. ಗ್ರೀನ್ ಗಾಬ್ಲಿನ್, ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿಂದ ತಳ್ಳುತ್ತಾನೆ. ಪೀಟರ್ ಬಲೆ ಎಸೆದು ಅವಳ ಕಾಲು ಹಿಡಿಯುತ್ತಾನೆ. ಉಳಿಸಿಬಿಟ್ಟೆ ಅಂತ ಖುಷಿಯಲ್ಲಿ ಮೇಲಕ್ಕೆ ಎಳೆದರೆ, ಅವಳು ಸತ್ತಿರುತ್ತಾಳೆ. ಬಲೆ ಹಿಡಿದ ಚಿತ್ರದಲ್ಲಿ ಅವಳ ಕುತ್ತಿಗೆಯ ಪಕ್ಕ 'ಸ್ನ್ಯಾಪ್' ಅನ್ನೋ ಸಣ್ಣ ಅಕ್ಷರಗಳಿವೆ. ಬೀಳುತ್ತಿದ್ದವಳು ಒಮ್ಮೆಲೇ ನಿಂತದ್ದೇ ಸಾವಿಗೆ ಕಾರಣ ಅಂತ ಆಮೇಲೆ ಅದೇ ಪತ್ರಿಕೆಯ ಓದುಗರ ಪತ್ರಗಳ ಪುಟದಲ್ಲಿ ವಿವರಣೆ ಬಂತು.

ಇದಕ್ಕೆ ನಮ್ಮ ಮೊದಲ ವರ್ಷದ ಫಿಸಿಕ್ಸ್ ಸಾಕು. ಉದಾಹರಣೆಗೆ 90 ಮೀಟರ್ ಬಿದ್ದಿದ್ದಾಳೆ ಅಂತ ಇಟ್ಟುಕೊಳ್ಳಿ. ಗಾಳಿಯ ತಡೆ ಬಿಟ್ಟರೆ ವೇಗ ಸೆಕೆಂಡಿಗೆ 42 ಮೀಟರ್. ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಿದರೆ ಸುಮಾರು ಎಂಟೂವರೆ 'ಜಿ'. ಸಮಯ ಇನ್ನೂ ಕಡಿಮೆ ಆದಷ್ಟೂ ಬಲ ಹೆಚ್ಚು. ಕಾಲು ಹಿಡಿದು ನಿಲ್ಲಿಸಿದರೆ ಕುತ್ತಿಗೆಗೆ ಆಧಾರವೇ ಇಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರೊಫೆಸರ್ ಜೇಮ್ಸ್ ಕಕಾಲಿಯೋಸ್ ತಮ್ಮ 'ದಿ ಫಿಸಿಕ್ಸ್ ಆಫ್ ಸೂಪರ್‌ಹೀರೋಸ್' ಪುಸ್ತಕದಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಆದರೆ ಇಲ್ಲಿ ಮುಖ್ಯ ಆಗೋದು ಲೆಕ್ಕ ಅಲ್ಲ. ಉಳಿಸೋಕೆ ಚಾಚಿದ ಕೈಯೇ ಕೊಂದಿತು ಅನ್ನೋದು. ಮುಂದಿನ ಸಂಚಿಕೆಯಲ್ಲಿ ಪೀಟರ್ ಗಾಬ್ಲಿನ್‌ನನ್ನು ಹೊಡೆದು ಸಾಯಿಸೋ ಹಂತಕ್ಕೆ ಹೋಗಿ ಕೈ ತಡೆಯುತ್ತಾನೆ. ಗಾಬ್ಲಿನ್ ತನ್ನದೇ ಗ್ಲೈಡರ್ ತಾಗಿ ಬೀಳುತ್ತಾನೆ. ಸೇಡು ತೀರಿದರೂ ಪೀಟರ್‌ಗೆ ಸಮಾಧಾನ ಇಲ್ಲ. ಕೊನೇ ಪುಟದಲ್ಲಿ ಸಾಂತ್ವನ ಹೇಳೋಕೆ ಬಂದ ಮೇರಿ ಜೇನ್ ಮೇಲೆ ರೇಗಿ, ಹೊರಟುಹೋಗು ಅಂತಾನೆ. ಅವಳು ಬಾಗಿಲವರೆಗೆ ಹೋಗುತ್ತಾಳೆ, ಬಾಗಿಲು ಹಾಕುತ್ತಾಳೆ, ಆದರೆ ಒಳಗೇ ಉಳಿಯುತ್ತಾಳೆ. ಅಷ್ಟೇ, ಕಥೆ ಮುಗೀತು.

ಎರಡನೆಯದು 'ಒನ್ ಮೋರ್ ಡೇ', 2007ರ ಕೊನೆಯಲ್ಲಿ ನಾಲ್ಕು ಭಾಗಗಳಲ್ಲಿ ಬಂದದ್ದು. ಬರವಣಿಗೆ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ, ಚಿತ್ರ ಆಗಿನ ಮಾರ್ವೆಲ್ ಪ್ರಧಾನ ಸಂಪಾದಕ ಜೋ ಕೆಸಾಡಾ. ಅದಕ್ಕೂ ಮೊದಲು ಬಂದ 'ಸಿವಿಲ್ ವಾರ್' ಕಥೆಯಲ್ಲಿ ಪೀಟರ್ ಎಲ್ಲರೆದುರು ಮುಖವಾಡ ತೆಗೆದಿದ್ದ. ಅದರ ಫಲವಾಗಿ ಅವನಿಗೆ ಗುರಿಯಿಟ್ಟ ಗುಂಡು ಆಂಟ್ ಮೇಗೆ ತಗಲಿತು. ಡಾಕ್ಟರ್ ಸ್ಟ್ರೇಂಜ್ ಕೈಯಲ್ಲೂ ಆಗಲಿಲ್ಲ. ಆಗ ಮೆಫಿಸ್ಟೋ ಅನ್ನೋ ಸೈತಾನ ಬಂದು, ಅವಳನ್ನು ಉಳಿಸುತ್ತೇನೆ, ಬದಲಿಗೆ ನಿಮ್ಮ ಮದುವೆ ಕೊಡಿ ಅಂತಾನೆ. ಪೀಟರ್, ಮೇರಿ ಜೇನ್ ಇಬ್ಬರೂ ಒಪ್ಪುತ್ತಾರೆ. ಬೆಳಗಾದರೆ ಮದುವೆ ಆಗೇ ಇಲ್ಲ. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಜಗತ್ತಿಗೆ ನೆನಪಿಲ್ಲ. ಸತ್ತಿದ್ದ ಹ್ಯಾರಿ ಆಸ್ಬಾರ್ನ್ ಕೂಡ ಪಾರ್ಟಿಯಲ್ಲಿ ನಗುತ್ತಾ ನಿಂತಿರುತ್ತಾನೆ.

ಈಗ ಮೂರು ಪ್ರಶ್ನೆ ಕೇಳೋಣ.

ಒಂದು, ಕಥೆ ತಾನೇ ಎತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಿತಾ? 1973ರ ಕಥೆಯ ಉತ್ತರ ಕಹಿ, ಆದರೆ ಸ್ಪಷ್ಟ: ಎಷ್ಟೇ ಶಕ್ತಿ ಇದ್ದರೂ ಕೆಲವು ಸಲ ಉಳಿಸೋಕೆ ಆಗಲ್ಲ. 2007ರ ಕಥೆ ಕೇಳಿದ್ದು, ಮುಖವಾಡ ತೆಗೆದ ತಪ್ಪಿಗೆ ಪೀಟರ್ ಏನು ಮಾಡುತ್ತಾನೆ ಅಂತ. ಉತ್ತರದ ಜಾಗದಲ್ಲಿ ಪ್ರಶ್ನೆಪತ್ರಿಕೆಯನ್ನೇ ಹರಿದು ಹಾಕಿದರು.

ಎರಡು, ಕೊನೆ ಪಾತ್ರಗಳ ಕೈಯಿಂದ ಬಂತಾ? ಗ್ವೆನ್ ಸತ್ತದ್ದು ಪೀಟರ್ ಎಸೆದ ಬಲೆಯಿಂದ. ಮೇರಿ ಜೇನ್ ಉಳಿದದ್ದು ಅವಳ ಮನಸ್ಸಿನಿಂದ. ಮೆಫಿಸ್ಟೋ ಕಥೆಯಲ್ಲಿ ಆಯ್ಕೆ ಇವರದೇ ನಿಜ, ಮತ್ತು ತಾಯಿಯಂತೆ ಸಾಕಿದವಳಿಗಾಗಿ ಒಪ್ಪಿದರು ಅನ್ನೋದನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ಗಂಟು ಬಿಡಿಸಿದ್ದು ಹೊರಗಿನಿಂದ ಬಂದ ಮಂತ್ರ.

ಮೂರು, ಬೆಲೆ ಕೊಟ್ಟವರಿಗೆ ಅದು ನೆನಪಿದೆಯಾ? ನಮ್ಮ ಪ್ರಕಾರ ಇದೇ ಮುಖ್ಯ. 1987ರಲ್ಲಿ ಆದ ಮದುವೆ, ಓದುಗರು ಇಪ್ಪತ್ತು ವರ್ಷ ಜೊತೆಗಿದ್ದ ಮದುವೆ, ಕಳೆದುಕೊಂಡವರಿಗೇ ನೆನಪಿಲ್ಲ ಅಂದರೆ ದುಃಖ ಪಡೋರು ಯಾರು? ಓದುಗರು ಮಾತ್ರ. 'ಸ್ಪೈಡರ್-ಮ್ಯಾನ್: ನೋ ವೇ ಹೋಮ್' (2021) ಸಿನಿಮಾದ ಕೊನೆಯಲ್ಲೂ ಮಂತ್ರವೇ ಇದೆ, ಎಲ್ಲರೂ ಪೀಟರ್‌ನನ್ನು ಮರೆಯುತ್ತಾರೆ. ಆದರೂ ಅದು ತಟ್ಟುತ್ತೆ. ಯಾಕಂದ್ರೆ ಪೀಟರ್ ಮರೆತಿಲ್ಲ. ಎಂಜೆ ಎದುರು ನಿಂತು, ಹೇಳಬೇಕಾದ್ದನ್ನು ಹೇಳದೆ ವಾಪಸ್ ಬರುತ್ತಾನೆ.

"ಕಾಮಿಕ್ಸ್ ಪ್ರತಿ ತಿಂಗಳೂ ಬರಬೇಕು, ಇಲ್ಲಿ ಕೊನೆ ಅನ್ನೋದೇ ಇಲ್ವಲ್ಲ" ಅಂತ ನೀವು ಕೇಳಬಹುದು. ಒಪ್ಪೋಣ. ಮದುವೆಯಾದ ಪೀಟರ್‌ನಿಂದ ಕಥೆ ಕಟ್ಟೋದು ಕಷ್ಟ ಅನ್ನೋದು ಕೆಸಾಡಾ ಅವರ ವಾದವೂ ಆಗಿತ್ತು. ಸ್ಟ್ರಾಜಿನ್‌ಸ್ಕಿ ಮಾತ್ರ ಈ ಕೊನೆಯ ಬಗ್ಗೆ ತಮ್ಮ ಭಿನ್ನಾಭಿಪ್ರಾಯವನ್ನು ಬಹಿರಂಗವಾಗಿಯೇ ಹೇಳಿದರು. ಇನ್ನೊಂದು ಕಡೆ, ಗಾಬ್ಲಿನ್ 1996ರಲ್ಲಿ ವಾಪಸ್ ಬಂದ. ಹಾಗಂತ 122ನೇ ಸಂಚಿಕೆಯ ಕೊನೇ ಪುಟ ಕೆಡಲಿಲ್ಲ, ಯಾಕಂದ್ರೆ ಅದು ನಿಂತದ್ದು ಗಾಬ್ಲಿನ್ ಸಾವಿನ ಮೇಲೆ ಅಲ್ಲ, ಪೀಟರ್‌ನ ನಷ್ಟದ ಮೇಲೆ.

ಮುಂದಿನ ಸಲ ಕಥೆ ಮುಗಿದು ರೂಮಿನಲ್ಲಿ ವಾದ ಶುರುವಾದಾಗ, ಯಾರು ಗೆದ್ದರು ಅಂತ ಬಿಡಿ. ಕಳೆದುಕೊಂಡವರಿಗೆ ಏನು ಕಳೆದುಕೊಂಡೆವು ಅಂತ ಗೊತ್ತಿದೆಯಾ ಅಂತ ಕೇಳಿ ನೋಡಿ. ಜಗಳ ಮುಗಿಯಲ್ಲ, ಆದರೆ ಜಗಳಕ್ಕೆ ಒಂದು ಅರ್ಥ ಬರುತ್ತೆ.