ಉಸಿರು ಮರಳಿತೆಂದು ಗುಳಿಗೆ ಬಿಡಬೇಡಿ

ಊರಿನ ನೇಮ ಮುಗಿಸಿ ರಾತ್ರಿ ಬಸ್ಸಿನಲ್ಲಿ ಮುಂಬಯಿಗೆ ಮರಳಿದ್ದೆ. ಎಡಗಾಲಿನ ಮೀನಖಂಡ ಊದಿ ನೋಯುತ್ತಿತ್ತು. ಎಣ್ಣೆ ತಿಕ್ಕಿ ಸುಮ್ಮನಾದೆ. ಮೂರನೇ ದಿನ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು, ಎದೆ ಚುಚ್ಚಿತು. ಗ್ಯಾಸ್ ಎಂದುಕೊಂಡೆ. ಸಹೋದ್ಯೋಗಿಗಳು ಒತ್ತಾಯದಿಂದ ಆಸ್ಪತ್ರೆಗೆ ಕರೆದೊಯ್ದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಲುಕಿತ್ತು.

ಮನೆಗೆ ಬಂದ ಮೇಲೆಯೇ ನಿಜವಾದ ಪರೀಕ್ಷೆ. ಎರಡು ಮಹಡಿ ಹತ್ತಲು ಮೂರು ಕಡೆ ನಿಲ್ಲುತ್ತಿದ್ದೆ. 'ಗುಳಿಗೆ ಹೆಪ್ಪನ್ನು ಬೆಳೆಯದಂತೆ ತಡೆಯುತ್ತದೆ, ಕರಗಿಸುವುದು ನಿಮ್ಮ ದೇಹವೇ. ಕನಿಷ್ಠ 3 ತಿಂಗಳು ತಪ್ಪಿಸಬೇಡಿ' ಎಂದರು ವೈದ್ಯರು. ನನಗೆ ಕೊಟ್ಟದ್ದು ವಾರ್ಫರಿನ್. ಆಗಾಗ ರಕ್ತಪರೀಕ್ಷೆ, ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಬಸಳೆ, ಹರಿವೆ ಬಿಡಬೇಕಿಲ್ಲ, ಪ್ರಮಾಣ ಏರುಪೇರಾಗಬಾರದು. ಕೇಳದೆ ನೋವಿನ ಮಾತ್ರೆ ನುಂಗಬಾರದು.

ಎರಡನೇ ತಿಂಗಳಲ್ಲಿ ಆರಾಮವೆನಿಸಿ ಗುಳಿಗೆ ಬಿಡಲು ಹೊರಟೆ. ಮನೆಯಾಕೆ ಕೇಳಿದಳು: 'ಲೆಕ್ಕ ಟ್ಯಾಲಿ ಆಗದೆ ನೀವು ಬ್ಯಾಂಕಿನಿಂದ ಹೊರಡುತ್ತೀರಾ?' ಮರುಮಾತಿಲ್ಲದೆ ನುಂಗಿದೆ. ಕೊನೆಗೆ ನಿಲ್ಲಿಸಿದ್ದು ವೈದ್ಯರೇ, ಪರೀಕ್ಷಿಸಿ.

ಊರಿಗೆ ಹೋಗಿಬರುವ ಬಂಧುಗಳೇ, ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಒಂದೇ ಕಾಲು ಊದಿದರೆ ಎಣ್ಣೆ ತಿಕ್ಕದೆ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.