ಮಳೆಗೆ ನಿಂತವರನ್ನು ಒಳಗೆ ಕರೆಯುವ ಆಗುಂಬೆ

ಉಡುಪಿಯಿಂದ ತೀರ್ಥಹಳ್ಳಿಗೆ ಹೊರಟ ಬಸ್ಸು ಹೆಬ್ರಿ ದಾಟಿ ಸೋಮೇಶ್ವರ ಬಿಟ್ಟಿತೆಂದರೆ ಘಾಟಿ ಶುರು. 14 ಹಿಮ್ಮುರಿ ತಿರುವುಗಳನ್ನು ಏರಿ ಮುಗಿಸಿದಾಗ ಸಿಗುವ ಮೊದಲ ಊರು ಆಗುಂಬೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ. ಒಂದು ಪೇಟೆಬೀದಿ, ನಾಲ್ಕಾರು ಹೋಟೆಲು, ಹೆಂಚಿನ ಮನೆಗಳು, ಗೋಪಾಲಕೃಷ್ಣ ದೇವಸ್ಥಾನ; ಕಣ್ಣು ಹಾಯಿಸಿದರೆ ಊರು ಮುಗಿಯುತ್ತದೆ. ಆದರೆ ಈ ಪುಟ್ಟ ಊರಿನ ಮನೆಗಳು ಗುರುತಿಲ್ಲದವರಿಗೂ ಬಾಗಿಲು ತೆರೆಯುತ್ತವೆ.

ಸೂರ್ಯಾಸ್ತ ನೋಡಲು ಬರುವವರನ್ನು ಬಿಟ್ಟರೆ ಇಲ್ಲಿ ಇಳಿಯುವ ಬಹಳಷ್ಟು ಜನ ಮುಂದಿನ ಊರಿಗೆ ಹೋಗುವವರು. ಶೃಂಗೇರಿಯ ನೆಂಟರ ಮನೆಗೆ, ಕೊಪ್ಪದ ಗೆಳೆಯರ ತೋಟಕ್ಕೆ, ತೀರ್ಥಹಳ್ಳಿಯ ಮದುವೆಗೆ. ಆಷಾಢದ ಮಳೆಯಲ್ಲಿ ಘಾಟಿಗೆ ಮರ ಬೀಳುತ್ತದೆ, ಧರೆ ಜರಿಯುತ್ತದೆ, ಕರೆಂಟು ಹೋಗುತ್ತದೆ. ಹಾಗೆ ಸಿಕ್ಕಿಬಿದ್ದವರನ್ನು ಜಗಲಿಗೆ ಕರೆಯುವುದು ಈ ಸೀಮೆಯಲ್ಲಿ ಹಿಂದಿನಿಂದ ಬಂದ ವಾಡಿಕೆ. ಮೈಲಿಗೊಂದು ಒಂಟಿಮನೆ ಇದ್ದ ಕಾಲದಲ್ಲಿ, ನಡೆದು ಬಂದವನಿಗೆ ಕಾಲಿಗೆ ನೀರು, ಕುಡಿಯಲು ಬೆಲ್ಲ-ನೀರು ಕೊಡದಿದ್ದರೆ ಅವನಿಗೆ ಬೇರೆ ಆಸರೆಯೇ ಇರಲಿಲ್ಲ.

ತೀರ್ಥಹಳ್ಳಿಯ ಗೆಳೆಯನ ಮನೆಗೆ ಹೊರಟಿದ್ದ ನನಗೂ ಒಂದು ಸಂಜೆ ಆ ವಾಡಿಕೆಯ ಬೆಚ್ಚನೆಯ ಅನುಭವವಾಯಿತು. ದಾರಿಗೆ ಮರ ಬಿದ್ದು ಮುಂದಿನ ಬಸ್ಸು ಬರಲಿಲ್ಲ. ಅಂಗಡಿಯ ಮಾಡಿನ ಕೆಳಗೆ ನಿಂತಿದ್ದಾಗ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನ ಚೀಲ ನೋಡಿದರು. "ಎಂತ ಮಾರಾಯ್ರೆ, ಹೀಗೆ ನೆನೆಯುತ್ತ ನಿಂತಿದ್ದೀರಿ? ಬನ್ನಿ, ಬಸ್ಸು ಬಂದರೆ ಮನೆಯಿಂದಲೇ ಕಾಣುತ್ತೆ" ಎಂದು ಕೊಡೆಯನ್ನು ನನ್ನ ಕಡೆಗೆ ಹಿಡಿದೇಬಿಟ್ಟರು.

ಮನೆಯ ಅಮ್ಮ ಮೊದಲು ಕೊಟ್ಟದ್ದು ಒಣಗಿದ ಬೈರಾಸು. ಬಚ್ಚಲೊಲೆ ಉರಿಯುತ್ತಿತ್ತು. ಹಂಡೆಯ ನೀರಿನಲ್ಲಿ ಕಾಲು ತೊಳೆದು ಬರುವಷ್ಟರಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿದ ಕಷಾಯ ಹಾಲು-ಬೆಲ್ಲ ಬೆರೆತು ಲೋಟದಲ್ಲಿತ್ತು. ಜೊತೆಗೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ. ನನ್ನ ಹೆಸರು ಕೇಳಿದ್ದು ಅದಾದ ಮೇಲೆ. ಹೋಗಬೇಕಾದ ಮನೆ ಯಾವುದೆಂದು ಹೇಳಿದಾಗ ಹಿರಿಯರಿಗೆ ಗೆಳೆಯನ ತಂದೆಯ ಗುರುತು ಸಿಕ್ಕಿತು. ಅಡಿಕೆ ಮಂಡಿಯ ಪರಿಚಯ. ಅವರೇ ಫೋನು ಮಾಡಿ, "ನಿಮ್ಮ ನೆಂಟರು ನಮ್ಮಲ್ಲಿದ್ದಾರೆ, ಊಟ ಮಾಡಿಸಿ ಕಳಿಸ್ತೇವೆ" ಎಂದರು. ರಾತ್ರಿ ಒಂದೆಲಗದ ತಂಬುಳಿ, ಕುಚ್ಚಲಕ್ಕಿ ಅನ್ನ.

ಈ ಗುಣಕ್ಕೆ ಊರಿನಲ್ಲೇ ಪ್ರಸಿದ್ಧ ಸಾಕ್ಷಿ ದೊಡ್ಡಮನೆ. ನೂರು ವರ್ಷ ದಾಟಿದ, ನಡುವೆ ಅಂಗಳ, ಸುತ್ತ ಮರದ ಕಂಬಗಳಿರುವ ಮನೆ. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್‌ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯಾಗಿ ತೆಗೆದಾಗ ಆಗುಂಬೆಯೇ ಕತೆಯ ಊರಾದ ಮಾಲ್ಗುಡಿಯಾಯಿತು, ಈ ಮನೆ ಕತೆಯ ಹುಡುಗ ಸ್ವಾಮಿಯ ಮನೆಯಾಯಿತು. ಮುಂದೆ ದೂರದೂರುಗಳಿಂದ ಬಂದವರಿಗೆ ದೊಡ್ಡಮನೆಯವರು ದರಪಟ್ಟಿ ಹಾಕದೆ ಊಟ, ವಸತಿ ಕೊಟ್ಟರು. ಹಣ ಕೊಡುವುದು ಬಂದವರ ಮನಸ್ಸಿಗೆ ಬಿಟ್ಟದ್ದಾಗಿತ್ತು.

ಸುತ್ತಲಿನ ಕಾಡೂ ದೂರದವರನ್ನು ಇಲ್ಲಿ ನಿಲ್ಲಿಸಿದೆ. ಕಾಳಿಂಗ ಸರ್ಪದ ಬೆನ್ನು ಹತ್ತಿ ಬಂದ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು.

ಈಗ ಹೋಮ್‌ಸ್ಟೇಗಳಿವೆ, ಮೊದಲೇ ಕಾದಿರಿಸಬಹುದು. ಅದು ತಪ್ಪಲ್ಲ, ಮಲೆನಾಡಿನ ಎಷ್ಟೋ ಮನೆಗಳಿಗೆ ಅದರಿಂದ ಜೀವನ ನಡೆಯುತ್ತಿದೆ. ಆದರೆ ಕರೆದು ಕೂರಿಸುವ ಜಗಲಿಗಳು ಉಳಿಯುವುದು ಬಂದವರ ನಡತೆಯ ಮೇಲೆ. ಹೊತ್ತಲ್ಲದ ಹೊತ್ತಿಗೆ ಬಾಗಿಲು ತಟ್ಟಿ ಫೋಟೊ ಕೇಳುವುದು, ಅಂಗಳದಲ್ಲಿ ಪ್ಲಾಸ್ಟಿಕ್ ಎಸೆಯುವುದು, ಕುಡಿದು ಗಲಾಟೆ ಮಾಡುವುದು ಮುಂದೆ ಬರುವವನ ಪಾಲಿನ ಬಾಗಿಲನ್ನೂ ಮುಚ್ಚಿಸುತ್ತದೆ. ಆಗುಂಬೆಗೆ ಹೋಗುವವರು ಕೊಡೆಯ ಜೊತೆ ಇಷ್ಟು ಸೌಜನ್ಯವನ್ನೂ ಒಯ್ಯಲಿ. ಮರಳಿದ ಮೇಲೆ ತಮ್ಮೂರಿನ ಬಸ್‌ ನಿಲ್ದಾಣದಲ್ಲಿ ದಾರಿ ಕೇಳುವ ಅಪರಿಚಿತರಿಗೂ ಒಂದು ಲೋಟ ನೀರು ಕೊಡಲಿ.