ವಿನೋದಾವಳಿಯ ಬರಹಗಾರ ಏಯಿ ರೊಕುಸುಕೆ

ಹಾಡೊಂದು ಜನರ ನಾಲಗೆಯ ಮೇಲೆ ನಿಂತಾಗ ಅದನ್ನು ಹಾಡಿದವರ ಹೆಸರೂ ನಿಲ್ಲುವುದುಂಟು. ಆದರೆ ಅದರ ಮಾತುಗಳನ್ನು ಹೆಣೆದವನನ್ನು ನೆನೆಯುವವರು ವಿರಳ. ದೂರದರ್ಶನದ ವಿನೋದಾವಳಿಗೆ ಬರೆಯುವವನ ಪಾಡಂತೂ ಇನ್ನೂ ವಿಲಕ್ಷಣವಾದುದು. ಆತನ ಬರಹ ಒಂದು ರಾತ್ರಿ ಪ್ರಸಾರವಾಗಿ ಮರುದಿನವೇ ಮರೆಯಾಗುತ್ತದೆ. ಇಂತಹ ಕ್ಷಣಿಕವಾದ ವೃತ್ತಿಯಲ್ಲಿದ್ದೂ ಮಾತಿನ ಹೊಣೆಯನ್ನು ಮರೆಯದೆ ಬಾಳಿದವರು ಜಪಾನಿನ ಏಯಿ ರೊಕುಸುಕೆ. ಆ ದೇಶದ ರೂಢಿಯಂತೆ ‘ಏಯಿ’ ಎಂಬುದು ಮನೆತನದ ಹೆಸರು.

ಅವರು 1933ನೆಯ ಏಪ್ರಿಲ್ 10ರಂದು ಟೋಕಿಯೋ ನಗರದ ಅಸಾಕುಸಾ ಪ್ರದೇಶದ ಒಂದು ಬೌದ್ಧ ದೇವಾಲಯದ ಅರ್ಚಕರ ಮನೆಯಲ್ಲಿ ಜನಿಸಿದರು. ಅಸಾಕುಸಾ ದೇವಾಲಯಗಳಿಗೂ ನಾಟಕಶಾಲೆಗಳಿಗೂ ಸಮನಾಗಿ ಹೆಸರಾದ ಸ್ಥಳ. ಮಹಾಯುದ್ಧ ಕಾಲದಲ್ಲಿ ಬಾಲಕನನ್ನು ನಾಗಾನೋ ಸೀಮೆಗೆ ಕಳುಹಿಸಲಾಯಿತು. 1945ನೆಯ ಮಾರ್ಚಿಯ ವಿಮಾನ ದಾಳಿಯಲ್ಲಿ ಅಸಾಕುಸಾ ಸುಟ್ಟು ಬೂದಿಯಾಯಿತು. ಯುದ್ಧಾನಂತರ ಶಾಲೆಯಲ್ಲಿ ಓದುತ್ತಿದ್ದಾಗಲೇ ಆತ ಎನ್‌ಎಚ್‌ಕೆ ಬಾನುಲಿಯ ವಿಡಂಬನ ಕಾರ್ಯಕ್ರಮಕ್ಕೆ ಹಾಸ್ಯದ ತುಣುಕುಗಳನ್ನು ಬರೆದು ಕಳುಹಿಸತೊಡಗಿದನು. ಆ ಕಾರ್ಯಕ್ರಮದ ಸೂತ್ರಧಾರರಾಗಿದ್ದ ಮಿಕಿ ತೊರಿರೋ ಅವರು ಈ ತರುಣನನ್ನು ಗುರುತಿಸಿ ತಮ್ಮ ಬಳಗಕ್ಕೆ ಸೇರಿಸಿಕೊಂಡರು. ವಾಸೆದಾ ವಿಶ್ವವಿದ್ಯಾಲಯದ ವ್ಯಾಸಂಗ ಅರ್ಧಕ್ಕೇ ನಿಂತಿತು, ಬರಹವೇ ಬದುಕಾಯಿತು.

ಜಪಾನಿನಲ್ಲಿ ದೂರದರ್ಶನದ ಪ್ರಸಾರ ಆರಂಭವಾದುದು 1953ರಲ್ಲಿ. ಹಾಡು, ನೃತ್ಯ, ಪ್ರಹಸನ, ಹರಟೆ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ವಿನೋದಾವಳಿಯ ಬರಹಗಾರನ ಕೆಲಸ. ಆಗ ಪ್ರಸಾರ ಬಹುಮಟ್ಟಿಗೆ ನೇರವಾಗಿಯೇ ನಡೆಯುತ್ತಿದ್ದುದರಿಂದ ಮಾತು ಒಂದು ನಿಮಿಷ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. 1961ರಿಂದ 1966ರವರೆಗೆ ನಡೆದ, ‘ಕನಸಿನಲ್ಲಿ ಭೇಟಿಯಾಗೋಣ’ ಎಂಬರ್ಥದ ಹೆಸರುಳ್ಳ ಎನ್‌ಎಚ್‌ಕೆ ವಿನೋದಾವಳಿಗೆ ಏಯಿ ಅವರು ಬರೆದರು. ಅದರಲ್ಲಿ ತಿಂಗಳಿಗೊಂದು ಹೊಸ ಹಾಡು ಬರುತ್ತಿತ್ತು. ಸಾಹಿತ್ಯ ಏಯಿ ಅವರದು, ರಾಗಸಂಯೋಜನೆ ನಾಕಾಮುರಾ ಹಾಚಿದಾಯಿ ಅವರದು. ಇವರಿಬ್ಬರೂ ಕೂಡಿ ಮಾಡಿದ ಗೀತೆಯೊಂದಕ್ಕೆ 1959ರಲ್ಲಿ ಮೊತ್ತಮೊದಲ ಜಪಾನ್ ರೆಕಾರ್ಡ್ ಪ್ರಶಸ್ತಿ ಅದಾಗಲೇ ಸಂದಿತ್ತು.

1960ರಲ್ಲಿ ಅಮೆರಿಕದೊಡನೆ ನವೀಕರಣಗೊಂಡ ರಕ್ಷಣಾ ಒಪ್ಪಂದವನ್ನು ವಿರೋಧಿಸಿ ಜಪಾನಿನ ಅಸಂಖ್ಯ ತರುಣರು ಬೀದಿಗಿಳಿದರು. ಏಯಿ ಅವರೂ ಅವರಲ್ಲೊಬ್ಬರು. ಚಳವಳಿ ಸೋತಿತು. ಆ ಸೋಲಿನ ದುಃಖವೇ ಮರುವರ್ಷದ ‘ಉಏ ಒ ಮುಯ್ತೆ ಅರುಕೋ’ ಎಂಬ ಗೀತೆಯಲ್ಲಿ ಕರಗಿ ಬಂದಿತೆಂದು ಹೇಳಲಾಗುತ್ತದೆ. ‘ಮುಖವೆತ್ತಿ ನಡೆಯೋಣ’ ಎಂಬುದು ಆ ಹೆಸರಿನ ಅರ್ಥ. ಒಪ್ಪಂದದ ಮಾತಾಗಲಿ ಬೀದಿಯ ಘೋಷಣೆಯಾಗಲಿ ಹಾಡಿನಲ್ಲಿಲ್ಲ. ಕಣ್ಣೀರನ್ನು ತಡೆಹಿಡಿದು ಒಂಟಿಯಾಗಿ ನಡೆಯುವ ಮನುಷ್ಯನೊಬ್ಬನಿದ್ದಾನೆ. ಆದುದರಿಂದಲೇ ಅವರವರ ದುಃಖಕ್ಕೆ ಅದು ಅವರವರ ಹಾಡಾಯಿತು. ಹಾಡಿದವರು ಸಾಕಾಮೊತೊ ಕ್ಯೂ. ರೊಕು ಎಂದರೆ ಆರು, ಹಾಚಿ ಎಂದರೆ ಎಂಟು, ಕ್ಯೂ ಎಂದರೆ ಒಂಬತ್ತು. ಹೀಗೆ ಮೂವರ ಹೆಸರಿನ ಅಂಕಿಗಳನ್ನು ಕೂಡಿಸಿ ಜನ ಅವರನ್ನು ‘6-8-9’ರ ಬಳಗವೆಂದು ಕರೆದರು.

ಹಾಡು ಕಡಲು ದಾಟಿದಾಗ ವಿದೇಶಿ ವ್ಯಾಪಾರಿಗಳು ಅದರ ಹೆಸರನ್ನು ಕಳಚಿ ‘ಸುಕಿಯಾಕಿ’ ಎಂದು ಕರೆದರು. ಸುಕಿಯಾಕಿ ಎಂಬುದು ಮಾಂಸದ ಒಂದು ಅಡುಗೆ; ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ 1963ನೆಯ ಜೂನ್ ತಿಂಗಳಲ್ಲಿ, ಜಪಾನೀ ಭಾಷೆಯಲ್ಲಿಯೇ, ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಯಾವ ದೇಶದ ಒಪ್ಪಂದವನ್ನು ಕವಿ ವಿರೋಧಿಸಿದ್ದರೋ ಆ ದೇಶದ ಜನರೇ, ಅರ್ಥವರಿಯದೆಯೂ, ಆ ಹಾಡನ್ನು ಮೆಚ್ಚಿದರು.

ಇಷ್ಟು ಕೀರ್ತಿ ಬಂದ ಮೇಲೆ ಏಯಿ ಅವರು ಹಾಡು ಬರೆಯುವುದನ್ನು ಕ್ರಮೇಣ ಕಡಿಮೆ ಮಾಡಿ ಬಾನುಲಿಗೂ ಪ್ರವಾಸಕ್ಕೂ ಮನಸ್ಸು ಕೊಟ್ಟರು. ಪ್ರಸಾರದ ಅಲೆಗಳು ಮುಟ್ಟುವ ಊರುಗಳಿಗೇ ಹೋಗಿ, ಅಲ್ಲಿಯ ಜನರ ಮಾತನ್ನು ಆಲಿಸಬೇಕೆಂದು ಜಾನಪದ ವಿದ್ವಾಂಸ ಮಿಯಾಮೊತೊ ತ್ಸುನೆಇಚಿ ಅವರಿಗೆ ಬುದ್ಧಿ ಹೇಳಿದ್ದರು. ಶಿಷ್ಯನು ಆ ಮಾತನ್ನು ಜೀವನವಿಡೀ ಪಾಲಿಸಿದನು. 1967ರಲ್ಲಿ ಟಿಬಿಎಸ್ ಬಾನುಲಿಯಲ್ಲಿ ಆರಂಭಿಸಿದ ಅವರ ಕಿರು ಕಾರ್ಯಕ್ರಮ 2013ರವರೆಗೆ, ಅಂದರೆ 46 ವರ್ಷ, ನಡೆಯಿತು. ಮಾಪನ ಕಾನೂನು ಮೀಟರ್ ಅಳತೆಯೊಂದನ್ನೇ ಕಡ್ಡಾಯಗೊಳಿಸಿದ್ದರಿಂದ ಸಾಂಪ್ರದಾಯಿಕ ಅಳತೆಗೋಲು ದೊರೆಯದೆ ಬಡಗಿಗಳೂ ಕಿಮೊನೋ ಹೊಲಿಯುವವರೂ ಕಂಗೆಟ್ಟಿದ್ದರು. 1970ರ ದಶಕದಲ್ಲಿ ಅವರ ಪರವಾಗಿ ಏಯಿ ಅವರು ಬಹಿರಂಗ ಹೋರಾಟ ನಡೆಸಿದರು. ಕೈಕಸುಬಿನವರ ಕೋಲು ಮತ್ತೆ ಅವರ ಕೈಸೇರಿತು.

1985ನೆಯ ಆಗಸ್ಟ್ 12ರ ವಿಮಾನ ದುರಂತದಲ್ಲಿ ಸಾಕಾಮೊತೊ ಮಡಿದರು. 1992ರಲ್ಲಿ ನಾಕಾಮುರಾ ತೀರಿಕೊಂಡರು. ಅಂಕಿಗಳಲ್ಲಿ ಆರು ಒಂದೇ ಉಳಿಯಿತು. 1994ರಲ್ಲಿ ಪ್ರಕಟವಾದ ಅವರ ‘ದಾಯಿಒಜೋ’ ಎಂಬ ಗ್ರಂಥ, ಮುಪ್ಪು ಮತ್ತು ಮರಣಗಳ ಬಗೆಗೆ ಸಾಮಾನ್ಯ ಜನ ಆಡಿದ ಮಾತುಗಳ ಸಂಗ್ರಹ. ಅದರ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕೊನೆಗಾಲದಲ್ಲಿ ಪಾರ್ಕಿನ್ಸನ್ ವ್ಯಾಧಿಯಿಂದ ನಾಲಗೆ ತೊದಲಿದರೂ ಅವರು ಬಾನುಲಿಯ ಮುಂದೆ ಕುಳಿತು ಮಾತನಾಡಿದರು. 2016ನೆಯ ಜುಲೈ 7ರಂದು 83ನೆಯ ವಯಸ್ಸಿನಲ್ಲಿ ದಿವಂಗತರಾದರು.

ವಿನೋದಕ್ಕಾಗಿ ಬರೆಯುವುದು ಹಗುರವಾದ ಕೆಲಸವೆಂಬ ಭಾವನೆ ಎಲ್ಲೆಡೆಯೂ ಇದೆ. ಏಯಿ ಅವರ ಜೀವನ ಆ ಭಾವನೆಯನ್ನು ಸುಳ್ಳಾಗಿಸುತ್ತದೆ. ನಗಿಸುವ ಮಾತನ್ನು ಬರೆಯಬೇಕಾದರೂ ಅಳುವವರ ನಡುವೆ ನಿಂತು ಕಿವಿಗೊಟ್ಟಿರಬೇಕು. ಲೇಖನಿ ಹಿಡಿಯಲು ಹಂಬಲಿಸುವ ವಿದ್ಯಾರ್ಥಿಗಳು ಅವರಿಂದ ಕಲಿಯಬೇಕಾದುದು ಮೊದಲು ಈ ಆಲಿಸುವ ವಿದ್ಯೆಯನ್ನೇ.